ಗ್ರಾಫಿಕ್ಸ್ ಕಾರ್ಡಿನ ಹೀಟ್ ಪೈಪ್: ಒಳಗೆ ನಡೆಯುವುದೇನು, ಅದನ್ನು ಪರೀಕ್ಷಿಸುವುದು ಹೇಗೆ

ಗ್ರಾಫಿಕ್ಸ್ ಕಾರ್ಡ್ ಮಿತಿಮೀರಿ ಬಿಸಿಯಾಗತೊಡಗಿದಾಗ ಹೆಚ್ಚಿನವರ ಅನುಮಾನ ಮೊದಲು ಫ್ಯಾನಿನ ಮೇಲೆ ಹೋಗುತ್ತದೆ, ಆಮೇಲೆ ಚಿಪ್ಪಿಗೂ ಕೂಲರಿಗೂ ನಡುವೆ ಹಚ್ಚುವ ಥರ್ಮಲ್ ಪೇಸ್ಟಿನ ಮೇಲೆ. ಎರಡನ್ನೂ ಬದಲಿಸಿಯೂ ಬಿಸಿ ತಗ್ಗದಿದ್ದರೆ, ಚಿಪ್ಪಿನ ಶಾಖವನ್ನು ಸಾಗಿಸುವ ತಾಮ್ರದ ಕೊಳವೆಯಾದ ಹೀಟ್ ಪೈಪ್ ಕೆಟ್ಟಿರಬೇಕು ಎಂದುಕೊಂಡು ಕಾರ್ಡನ್ನೇ ಮೂಲೆಗೆ ಹಾಕುವವರೂ ಇದ್ದಾರೆ. ಹೀಟ್ ಪೈಪಿನೊಳಗೆ ಏನು ನಡೆಯುತ್ತದೆ ಎಂಬುದು ಒಮ್ಮೆ ಸ್ಪಷ್ಟವಾದರೆ ಇದನ್ನು ಊಹೆಗೆ ಬಿಡಬೇಕಾಗಿಲ್ಲ; ಒಂದು ಪಾತ್ರೆ ಬಿಸಿನೀರು ಮತ್ತು ಸ್ವಲ್ಪ ತಾಳ್ಮೆ ಇದ್ದರೆ ಮನೆಯಲ್ಲೇ ಪರೀಕ್ಷಿಸಿ ನೋಡಬಹುದು.

ಮೊದಲೇ ಹೇಳಿಬಿಡಬೇಕಾದ ಸಂಗತಿಯೆಂದರೆ ಹೀಟ್ ಪೈಪ್ ಯಾವುದನ್ನೂ ತಂಪು ಮಾಡುವುದಿಲ್ಲ. ಅದು ಶಾಖವನ್ನು ಒಂದು ಕಡೆಯಿಂದ ಎತ್ತಿಕೊಂಡು ಇನ್ನೊಂದು ಕಡೆಗೆ ಮುಟ್ಟಿಸುತ್ತದೆ, ಅಷ್ಟೆ. ತಂಪು ಮಾಡುವ ಕೆಲಸ ಫಿನ್‌ಗಳೆಂಬ ತೆಳು ಲೋಹದ ಹಾಳೆಗಳದು ಮತ್ತು ಅವುಗಳ ನಡುವೆ ಹಾಯುವ ಗಾಳಿಯದು. ಆದ್ದರಿಂದ ದೋಷ ಹುಡುಕುವಾಗ ಚಿಪ್, ಪೇಸ್ಟ್, ತಳದ ಫಲಕ, ಪೈಪ್, ಫಿನ್, ಗಾಳಿ ಎಂಬ ಶಾಖದ ದಾರಿಯನ್ನು ಗಮನದಲ್ಲಿಟ್ಟುಕೊಂಡು, ಅದರಲ್ಲಿ ಬಿಸಿ ಎಲ್ಲಿ ತಡೆದು ನಿಂತಿದೆ ಎಂದು ಕೇಳಬೇಕು. ಈ ಸಾಲಿನಲ್ಲಿ ಕೆಡುವ ಸಾಧ್ಯತೆ ಅತ್ಯಂತ ಕಡಿಮೆ ಇರುವ ಭಾಗಗಳಲ್ಲಿ ಪೈಪ್ ಒಂದು.

ಘನ ತಾಮ್ರ ಏಕೆ ಸಾಲದು

ಆರ್‌ಟಿಎಕ್ಸ್ 4090 ಕಾರ್ಡಿನ ಚಿಪ್ಪಿನ ವಿಸ್ತೀರ್ಣ ಸುಮಾರು 608 ಚದರ ಮಿಲಿಮೀಟರ್, ಅಂದರೆ ಸುಮಾರು ಎರಡೂವರೆ ಸೆಂಟಿಮೀಟರ್ ಉದ್ದಗಲದ ಒಂದು ತುಣುಕು. ಆ ಕಾರ್ಡಿಗೆ ನಿಗದಿಯಾದ ವಿದ್ಯುತ್ ಮಿತಿ 450 ವ್ಯಾಟ್. ಮೆಮೊರಿಗೆ ಮತ್ತು ವೋಲ್ಟೇಜ್ ನಿಯಂತ್ರಿಸುವ ಬಿಡಿಭಾಗಗಳಿಗೆ ಹೋಗುವ ಪಾಲನ್ನು ಕಳೆದರೂ ಶಾಖದ ಬಹುಭಾಗ ಆ ಸಣ್ಣ ತುಣುಕಿನಿಂದಲೇ ಹೊರಬರುತ್ತದೆ. ಗಾಳಿಯಾದರೋ ಶಾಖವನ್ನು ಹೊತ್ತೊಯ್ಯುವುದರಲ್ಲಿ ಬಹಳ ದುರ್ಬಲ. ಅದಕ್ಕೆ ಇಷ್ಟು ಶಾಖವನ್ನು ಒಪ್ಪಿಸಬೇಕಾದರೆ ಕಾರ್ಡಿನ ಉದ್ದಕ್ಕೂ ನೂರಾರು ತೆಳು ಫಿನ್‌ಗಳನ್ನು ಹರಡಿ ಮೇಲ್ಮೈಯನ್ನು ಹಿಗ್ಗಿಸಬೇಕಾಗುತ್ತದೆ. ಚಿಪ್ಪಿನ ಮೇಲಿರುವ ಶಾಖ ಒಂದು ಗೇಣು ದೂರದ ಫಿನ್‌ಗೆ ತಲುಪುವುದು ಹೇಗೆ ಎಂಬುದೇ ಪ್ರಶ್ನೆ.

ತಾಮ್ರದ ಸರಳನ್ನು ಇಟ್ಟರಾಯಿತು ಎನ್ನಿಸಬಹುದು. ಲೆಕ್ಕ ಹಾಕಿ ನೋಡೋಣ. ತಾಮ್ರದ ಉಷ್ಣವಾಹಕತೆ ಒಂದು ಮೀಟರಿಗೆ, ಒಂದು ಡಿಗ್ರಿಗೆ ಸುಮಾರು 400 ವ್ಯಾಟ್. 6 ಮಿಲಿಮೀಟರ್ ದಪ್ಪದ, 15 ಸೆಂಟಿಮೀಟರ್ ಉದ್ದದ ಘನ ತಾಮ್ರದ ಸರಳಿನ ಮೂಲಕ 40 ವ್ಯಾಟ್ ಶಾಖ ಹಾಯಬೇಕಾದರೆ ಅದರ ಎರಡು ತುದಿಗಳ ನಡುವೆ ಹೆಚ್ಚುಕಡಿಮೆ 530 ಡಿಗ್ರಿ ಸೆಲ್ಸಿಯಸ್ ವ್ಯತ್ಯಾಸವಿರಬೇಕು. ಅಷ್ಟು ಹೊತ್ತಿಗೆ ಚಿಪ್ ಸುಟ್ಟು ಹೋಗಿರುತ್ತದೆ. ಅದೇ ದಪ್ಪದ, ಅದೇ ಉದ್ದದ ಟೊಳ್ಳು ಹೀಟ್ ಪೈಪ್ ಆ 40 ವ್ಯಾಟನ್ನು ಕೆಲವೇ ಡಿಗ್ರಿಗಳ ವ್ಯತ್ಯಾಸದಲ್ಲಿ ದಾಟಿಸುತ್ತದೆ. ಘನವಾದುದಕ್ಕಿಂತ ಟೊಳ್ಳಾದುದು ಹೆಚ್ಚು ಸಮರ್ಥ ಎಂಬುದು ಮೊದಲ ಓದಿಗೆ ವಿಚಿತ್ರವೆನಿಸುತ್ತದೆ. ಆದರೆ ಇಲ್ಲಿ ಶಾಖವನ್ನು ಹೊರುವುದು ಲೋಹವಲ್ಲ, ನೀರು.

ಕೊಯ್ದು ನೋಡಿದ ಪೈಪ್

ಕೆಟ್ಟುಹೋದ ಹಳೆಯ ಕಾರ್ಡೊಂದರ ಕೂಲರ್ ನನ್ನ ಕೈಗೆ ಸಿಕ್ಕಿದಾಗ ಅದರ ಒಂದು ಪೈಪನ್ನು ಗರಗಸದಿಂದ ನಿಧಾನವಾಗಿ ಕೊಯ್ದು ನೋಡಿದ್ದೆ. ಹೊರಗೆ ಮಿರಮಿರನೆ ಹೊಳೆಯುವ ನಿಕ್ಕಲ್ ಲೇಪ, ಅದರ ಕೆಳಗೆ ಅರ್ಧ ಮಿಲಿಮೀಟರಿಗಿಂತ ದಪ್ಪವಿಲ್ಲದ ತಾಮ್ರದ ಗೋಡೆ, ಗೋಡೆಯ ಒಳಮೈಗೆ ಅಂಟಿಕೊಂಡ ಒರಟು ತಾಮ್ರದ ಪುಡಿಯ ಪದರ, ನಡುವೆ ಖಾಲಿ ಜಾಗ. ನೀರು ತುಳುಕುತ್ತದೆ ಎಂದು ನಿರೀಕ್ಷಿಸಿದ್ದವನಿಗೆ ಒಂದು ಹನಿಯೂ ಕಾಣಲಿಲ್ಲ. ಕಾಗದದ ಚೂರನ್ನು ಒಳಗೆ ತೂರಿಸಿ ತೆಗೆದಾಗ ಮಾತ್ರ ಅದರ ತುದಿ ಒದ್ದೆಯಾಗಿತ್ತು. ಇಂಥ ಪೈಪಿನಲ್ಲಿರುವ ನೀರಿನ ಪ್ರಮಾಣ ಒಂದು ಗ್ರಾಮಿನ ಆಸುಪಾಸು, ಅದೂ ಆ ಪುಡಿಯ ಪದರದಲ್ಲಿ ಹೀರಿಕೊಂಡಿರುತ್ತದೆ.

ಈ ಪದರವೇ ಬತ್ತಿ. ದೀಪದ ಬತ್ತಿ ಎಣ್ಣೆಯನ್ನು ಮೇಲಕ್ಕೆ ಸೆಳೆಯುವ ಹಾಗೆಯೇ ಇದೂ ತನ್ನ ಸಣ್ಣ ರಂಧ್ರಗಳ ಲೋಮನಾಳ ಸೆಳೆತದಿಂದ ನೀರನ್ನು ಒಂದು ತುದಿಯಿಂದ ಇನ್ನೊಂದಕ್ಕೆ ಎಳೆದುಕೊಳ್ಳುತ್ತದೆ. ತಯಾರಿಕೆಯ ಸಮಯದಲ್ಲಿ ಪೈಪಿಗೆ ಸ್ವಲ್ಪ ಶುದ್ಧ ನೀರನ್ನು ಹಾಕಿ, ಒಳಗಿನ ಗಾಳಿಯನ್ನು ಪೂರ್ತಿ ಹೊರತೆಗೆದು, ತುದಿಯನ್ನು ಹಿಂಡಿ ಬೆಸೆಯುತ್ತಾರೆ. ಆಮೇಲೆ ಒಳಗೆ ಉಳಿಯುವುದು ನೀರು ಮತ್ತು ಅದರದೇ ಆವಿ, ಬೇರೇನೂ ಇಲ್ಲ.

ಚಿಪ್ಪಿನ ಮೇಲಿರುವ ಭಾಗಕ್ಕೆ ಬಿಸಿ ತಗಲಿದಾಗ ಅಲ್ಲಿನ ಬತ್ತಿಯಲ್ಲಿರುವ ನೀರು ಆವಿಯಾಗುತ್ತದೆ. ಆವಿಯಾಗಲು ಬೇಕಾದ ಗುಪ್ತೋಷ್ಣವನ್ನು ಅದು ತಾಮ್ರದಿಂದ, ಅಂದರೆ ಕೊನೆಗೆ ಚಿಪ್ಪಿನಿಂದ, ಕಿತ್ತುಕೊಳ್ಳುತ್ತದೆ. ಆ ಕಡೆ ಆವಿಯ ಒತ್ತಡ ತುಸು ಏರುವುದರಿಂದ ಆವಿ ನಡುವಿನ ಖಾಲಿ ಜಾಗದಲ್ಲಿ ಒತ್ತಡ ಕಡಿಮೆಯಿರುವ ತಂಪು ತುದಿಯತ್ತ ನುಗ್ಗುತ್ತದೆ. ಅಲ್ಲಿ ಫಿನ್‌ಗಳು ಗೋಡೆಯನ್ನು ತಂಪಾಗಿಟ್ಟಿರುವುದರಿಂದ ಮತ್ತೆ ನೀರಾಗಿ, ಹೊತ್ತು ತಂದ ಶಾಖವನ್ನು ಇಳಿಸಿ, ಬತ್ತಿಯ ದಾರಿ ಹಿಡಿದು ವಾಪಸು ಬರುತ್ತದೆ. ಪಂಪಿಲ್ಲ, ಚಲಿಸುವ ಭಾಗವಿಲ್ಲ, ಇದನ್ನು ನಡೆಸಲು ಪ್ರತ್ಯೇಕ ವಿದ್ಯುತ್ತೂ ಬೇಕಿಲ್ಲ.

ಎಷ್ಟು ನೀರು ಓಡಾಡಬೇಕು? ಈ ತಾಪಮಾನಗಳಲ್ಲಿ ಒಂದು ಗ್ರಾಮ್ ನೀರನ್ನು ಆವಿಯಾಗಿಸಲು ಸುಮಾರು 2400 ಜೂಲ್ ಬೇಕು. 40 ವ್ಯಾಟ್ ಎಂದರೆ ನಿಮಿಷಕ್ಕೆ 2400 ಜೂಲ್. ಹಾಗಾಗಿ ನಿಮಿಷಕ್ಕೆ ಒಂದೇ ಒಂದು ಗ್ರಾಮ್ ನೀರು ಒಂದು ಸುತ್ತು ಬಂದರೆ ಕೆಲಸ ಮುಗಿಯಿತು.

ಒಳಗೆ ನಿರ್ವಾತವಿರುವುದರಿಂದ ನೀರು ಇಂತಿಷ್ಟು ಡಿಗ್ರಿಗೆ ಕುದಿಯುತ್ತದೆ, ಅದಕ್ಕಿಂತ ಕೆಳಗೆ ಪೈಪ್ ಕೆಲಸ ಮಾಡುವುದಿಲ್ಲ ಎಂಬ ಮಾತನ್ನು ಆಗಾಗ ಕೇಳುತ್ತೇವೆ. ಅದು ಸರಿಯಲ್ಲ. ಮುಚ್ಚಿದ ಪೈಪಿನಲ್ಲಿ ನೀರು ಮತ್ತು ಆವಿ ಸದಾ ಸಮತೋಲದಲ್ಲಿರುತ್ತವೆ: 25 ಡಿಗ್ರಿಯಲ್ಲಿ ಒಳಗಿನ ಒತ್ತಡ ಹೊರಗಿನ ವಾಯುಭಾರದ ಮೂವತ್ತರಲ್ಲಿ ಒಂದು ಪಾಲಿನಷ್ಟು, 60 ಡಿಗ್ರಿಯಲ್ಲಿ ಐದರಲ್ಲಿ ಒಂದು ಪಾಲಿನಷ್ಟು. ಯಾವುದೇ ತಾಪಮಾನದಲ್ಲಿ ಒಂದು ತುದಿ ಇನ್ನೊಂದಕ್ಕಿಂತ ತುಸು ಬೆಚ್ಚಗಾದರೆ ಸಾಕು, ಆವಿ ಹೊರಟುಬಿಡುತ್ತದೆ. ನೀರು ಹೆಪ್ಪುಗಟ್ಟುವ ಚಳಿಯಲ್ಲಿ ಮಾತ್ರ ಈ ಮಾತು ನಡೆಯದು.

ಈ ಉಪಾಯ ಕಂಪ್ಯೂಟರಿಗಾಗಿ ಹುಟ್ಟಿದ್ದಲ್ಲ. ಜನರಲ್ ಮೋಟಾರ್ಸ್ ಸಂಸ್ಥೆಯ ರಿಚರ್ಡ್ ಗಾಗ್ಲರ್ 1942ರಲ್ಲಿ ಶೈತ್ಯ ಯಂತ್ರಗಳಿಗೆಂದು ಇದಕ್ಕೆ ಪೇಟೆಂಟ್ ಕೋರಿದ್ದರು. 1944ರಲ್ಲಿ ಅದು ದೊರೆತರೂ ಬಳಕೆಗೆ ಬರಲಿಲ್ಲ. 1963ರಲ್ಲಿ ಲಾಸ್ ಅಲಾಮೋಸ್ ಪ್ರಯೋಗಾಲಯದ ಜಾರ್ಜ್ ಗ್ರೋವರ್ ಅದನ್ನು ಸ್ವತಂತ್ರವಾಗಿ ಮತ್ತೆ ಕಂಡುಕೊಂಡು ಹೀಟ್ ಪೈಪ್ ಎಂಬ ಹೆಸರನ್ನು ಕೊಟ್ಟರು. ಬಾಹ್ಯಾಕಾಶ ನೌಕೆಗಳಲ್ಲಿ ಅಲ್ಯುಮಿನಿಯಂ ಪೈಪಿನಲ್ಲಿ ಅಮೋನಿಯಾ ತುಂಬಿ ಬಳಸುವುದುಂಟು. ಆದರೆ ಅಲ್ಯುಮಿನಿಯಂ ಪೈಪಿನಲ್ಲಿ ನೀರು ತುಂಬುವಂತಿಲ್ಲ. ಎರಡೂ ವರ್ತಿಸಿ ಹುಟ್ಟುವ ಹೈಡ್ರೋಜನ್ ತಂಪು ತುದಿಯಲ್ಲಿ ಗುಂಪುಗೂಡಿ ಆವಿಗೆ ಅಡ್ಡ ನಿಲ್ಲುತ್ತದೆ. ತಾಮ್ರ ಮತ್ತು ನೀರಿನ ನಡುವೆ ಅಂಥ ಜಗಳವಿಲ್ಲ. ಆದುದರಿಂದಲೇ ಚೆನ್ನಾಗಿ ಬೆಸೆದ ತಾಮ್ರದ ಪೈಪ್ ಕಾರ್ಡಿನ ಆಯುಷ್ಯಕ್ಕಿಂತ ಹೆಚ್ಚು ಕಾಲ ಬಾಳುತ್ತದೆ.

ಪೈಪಿಗೂ ಒಂದು ಮಿತಿಯಿದೆ

ಶಾಖ ಹೆಚ್ಚಿದಂತೆ ನೀರು ಬೇಗ ಬೇಗ ಆವಿಯಾಗುತ್ತದೆ. ಬತ್ತಿ ವಾಪಸು ತರುವ ನೀರು ಅದಕ್ಕೆ ಸಾಲದಾದ ಗಳಿಗೆಯಲ್ಲಿ ಬಿಸಿ ತುದಿ ಒಣಗುತ್ತದೆ. ಅಲ್ಲಿಂದಾಚೆಗೆ ಆ ಪೈಪ್ ಬರೀ ತೆಳುಗೋಡೆಯ ತಾಮ್ರದ ಕೊಳವೆಯಾಗಿ ಉಳಿಯುತ್ತದೆ, ತಾಪಮಾನ ಏಕಾಏಕಿ ಏರುತ್ತದೆ. ಸಾಮಾನ್ಯವಾಗಿ 6 ಮಿಲಿಮೀಟರಿನ ಪೈಪ್ ಅಡ್ಡಲಾಗಿ ಮಲಗಿದ್ದಾಗ 30ರಿಂದ 40 ವ್ಯಾಟ್ ಸಾಗಿಸುತ್ತದೆ, 8 ಮಿಲಿಮೀಟರಿನದು ಅದಕ್ಕಿಂತ ಗಣನೀಯವಾಗಿ ಹೆಚ್ಚು. ಪೈಪನ್ನು ಚಪ್ಪಟೆ ಮಾಡಿದಷ್ಟೂ ಆವಿಯ ದಾರಿ ಕಿರಿದಾಗಿ ಈ ಮಿತಿ ಕುಗ್ಗುತ್ತದೆ. ಬಿಗಿಯಾದ ಬಾಗುಗಳೂ ಅದನ್ನು ತಗ್ಗಿಸುತ್ತವೆ.

ಬತ್ತಿಯ ಜಾತಿಯೂ ಇಲ್ಲಿ ಮುಖ್ಯ. ಒಳಗೋಡೆಯಲ್ಲಿ ಉದ್ದುದ್ದ ಗೀರುಗಳನ್ನು ಕೊರೆದ ಬಗೆಯಲ್ಲಿ ನೀರು ಸರಾಗವಾಗಿ ಹರಿಯುತ್ತದೆ, ಆದರೆ ಸೆಳೆತ ಕಡಿಮೆಯಾದ್ದರಿಂದ ಏರುಮುಖವಾಗಿ ಹತ್ತಲಾರದು. ತಾಮ್ರದ ಪುಡಿಯನ್ನು ಕರಗುವ ಹಂತಕ್ಕೆ ಸ್ವಲ್ಪ ಕೆಳಗೆ ಕಾಯಿಸಿ ಕಣಕ್ಕೆ ಕಣ ಅಂಟಿಸಿದ ಬಗೆಯಲ್ಲಿ ರಂಧ್ರಗಳು ಸಣ್ಣವು, ಹರಿವಿಗೆ ತಡೆ ಹೆಚ್ಚು, ಆದರೆ ಗುರುತ್ವಕ್ಕೆ ಎದುರಾಗಿ ನೀರನ್ನು ಎಳೆಯುವ ಶಕ್ತಿ ಎಲ್ಲಕ್ಕಿಂತ ಮಿಗಿಲು. ಜಾಲರಿಯ ಬತ್ತಿ ಇವೆರಡರ ನಡುವಿನದು.

ಕೂಲರನ್ನು ಕಣ್ಣಿನಿಂದ ಓದುವುದು

ಕಾರ್ಡ್ ಕೊಳ್ಳುವಾಗಲಾಗಲಿ ಬಿಚ್ಚಿದಾಗಲಾಗಲಿ ಪೈಪುಗಳನ್ನು ಎಣಿಸಿ ಸುಮ್ಮನಾಗಬೇಡಿ. ಚಿಪ್ಪಿನ ನೇರ ಮೇಲೆ ಎಷ್ಟು ಪೈಪುಗಳು ಹಾದುಹೋಗಿವೆ ಎಂದು ನೋಡಿ. ಪೈಪುಗಳನ್ನೇ ಸಮತಟ್ಟಾಗಿ ಉಜ್ಜಿ ಚಿಪ್ಪಿಗೆ ನೇರವಾಗಿ ತಾಗಿಸಿದ ಕೂಲರುಗಳಲ್ಲಿ ಅಂಚಿನ ಪೈಪುಗಳು ಚಿಪ್ಪನ್ನು ಮುಟ್ಟದೆಯೇ ಹೋಗಬಹುದು. ಆಗ ಆರು ಪೈಪುಗಳ ಕೂಲರಿನಲ್ಲಿ ನಾಲ್ಕೇ ದುಡಿಯುತ್ತಿರುತ್ತವೆ. ನಡುವೆ ತಾಮ್ರದ ಫಲಕವಿದ್ದರೆ ಶಾಖ ಎಲ್ಲ ಪೈಪುಗಳಿಗೂ ಹೆಚ್ಚು ಸಮನಾಗಿ ಹಂಚಿಹೋಗುತ್ತದೆ. ನನ್ನ ಮಟ್ಟಿಗೆ, ಎರಡರಲ್ಲಿ ಒಂದನ್ನು ಆರಿಸಬೇಕಾದರೆ ಫಲಕವಿರುವುದನ್ನೇ ಆರಿಸುತ್ತೇನೆ.

ಪೈಪ್ ಫಿನ್‌ನೊಳಗೆ ತೂರುವ ಜಾಗವನ್ನೂ ಗಮನಿಸಿ. ಬೆಸುಗೆ ಹಾಕಿದ್ದರೆ ಸಂಪರ್ಕ ಗಟ್ಟಿ. ಬರೀ ಒತ್ತಿ ಕೂರಿಸಿದ್ದರೆ ಕಾಲಾಂತರದಲ್ಲಿ ಕೆಲವು ಫಿನ್‌ಗಳು ಬೆರಳು ತಾಗಿದರೆ ಅಲುಗಾಡುವಷ್ಟು ಸಡಿಲವಾಗಿರಬಹುದು, ಅಲ್ಲಿ ಶಾಖ ದಾಟುವುದಿಲ್ಲ. ದುಬಾರಿ ಕಾರ್ಡುಗಳ ತಳದಲ್ಲಿ ವೇಪರ್ ಚೇಂಬರ್ ಎಂಬ ಚಪ್ಪಟೆ ಪೆಟ್ಟಿಗೆ ಇರುತ್ತದೆ. ತತ್ವ ಒಂದೇ, ಪೈಪ್ ಶಾಖವನ್ನು ಒಂದು ಗೆರೆಯಲ್ಲಿ ಒಯ್ದರೆ ಇದು ಹಾಳೆಯಂತೆ ನಾಲ್ಕೂ ಕಡೆ ಹರಡುತ್ತದೆ.

ಬಿಚ್ಚುವ ಮೊದಲು ಅಳೆಯಿರಿ

ಸ್ಕ್ರೂಡ್ರೈವರ್ ಎತ್ತಿಕೊಳ್ಳುವ ಮೊದಲು ಜಿಪಿಯು-ಝಡ್‌ನಂತಹ ತಂತ್ರಾಂಶದಲ್ಲಿ ಚಿಪ್ಪಿನ ತಾಪಮಾನ, ಹಾಟ್‌ಸ್ಪಾಟ್ (ಚಿಪ್ಪಿನ ಅತಿ ಬಿಸಿಯಾದ ಬಿಂದು) ತಾಪಮಾನ, ವ್ಯಾಟ್ ಮತ್ತು ಫ್ಯಾನಿನ ವೇಗ ಈ ನಾಲ್ಕನ್ನೂ ದಾಖಲಿಸಲು ಹೇಳಿ, ಕೋಣೆಯ ತಾಪಮಾನವನ್ನು ಬರೆದಿಟ್ಟುಕೊಂಡು, ಹದಿನೈದು ನಿಮಿಷ ಕಾರ್ಡಿಗೆ ಭಾರಿ ಆಟದಂತಹ ಒಂದೇ ಸಮನಾದ ಹೊರೆ ಕೊಡಿ. ಎಲ್ಲ ಕಾರ್ಡುಗಳೂ ಹಾಟ್‌ಸ್ಪಾಟನ್ನು ತೋರಿಸುವುದಿಲ್ಲ. ತೋರಿಸಿದರೆ ಅದು ಚಿಪ್ಪಿನ ತಾಪಮಾನಕ್ಕಿಂತ ಸಾಮಾನ್ಯವಾಗಿ 10ರಿಂದ 15 ಡಿಗ್ರಿ ಮೇಲಿರುತ್ತದೆ. ಅಂತರ 25 ಡಿಗ್ರಿ ದಾಟಿದರೆ ವಿಚಾರಿಸಬೇಕಾದ ಸಂಗತಿ.

ಅಂಕಿಗಿಂತ ಏರಿಕೆಯ ರೀತಿ ಹೆಚ್ಚು ಹೇಳುತ್ತದೆ. ಹೊರೆ ಬಿದ್ದ ಒಂದೆರಡು ಕ್ಷಣಗಳಲ್ಲೇ ತಾಪಮಾನ ಹತ್ತಾರು ಡಿಗ್ರಿ ಜಿಗಿದು, ಹೊರೆ ತೆಗೆದೊಡನೆ ಅಷ್ಟೇ ವೇಗದಲ್ಲಿ ಕೆಳಗಿಳಿದರೆ, ಶಾಖ ಚಿಪ್ಪನ್ನು ಬಿಟ್ಟು ಹೊರಡುವುದಕ್ಕೇ ತೊಡಕಾಗಿದೆ ಎಂದರ್ಥ: ಪೇಸ್ಟ್ ಒಣಗಿದೆ, ಅಂಚಿಗೆ ಸರಿದಿದೆ, ಅಥವಾ ಸ್ಕ್ರೂಗಳು ಒಂದೇ ಸಮ ಬಿಗಿದಿಲ್ಲ. ಹಾಟ್‌ಸ್ಪಾಟಿನ ಅಂತರ ಸಹಜವಾಗಿದ್ದು, ಹಲವು ನಿಮಿಷಗಳ ಕಾಲ ನಿಧಾನವಾಗಿ ಏರುತ್ತಲೇ ಹೋಗಿ ಫ್ಯಾನ್ ಪೂರ್ತಿ ವೇಗ ಮುಟ್ಟಿದರೆ, ಪೈಪ್ ತನ್ನ ಕೆಲಸ ಮಾಡುತ್ತಿದೆ. ಫಿನ್‌ಗಳಲ್ಲಿ ಧೂಳಿದೆ ಅಥವಾ ಕಂಪ್ಯೂಟರಿನ ಪೆಟ್ಟಿಗೆಯೊಳಗೆ ಗಾಳಿ ಆಡುತ್ತಿಲ್ಲ. ಒಂದು ನಿರ್ದಿಷ್ಟ ವ್ಯಾಟ್‌ವರೆಗೆ ಎಲ್ಲವೂ ಸರಿಯಿದ್ದು, ಅದನ್ನು ದಾಟಿದ ಕೂಡಲೇ ತಾಪಮಾನ ಕಡಿದಾಗಿ ಏರಿದರೆ ಮಾತ್ರ ಪೈಪ್ ಒಣಗುತ್ತಿದೆ ಎಂಬ ಅನುಮಾನಕ್ಕೆ ಆಧಾರವಿದೆ.

ಎರಡನೆಯ ಬಗೆಯನ್ನು ಮೂರನೆಯದೆಂದು ತಪ್ಪು ತಿಳಿದು ಒಮ್ಮೆ ಒಂದು ವಾರ ಹಾಳುಮಾಡಿಕೊಂಡಿದ್ದೇನೆ. ಹೊರಗಿನಿಂದ ನೋಡಿದರೆ ಫ್ಯಾನಿನ ರೆಕ್ಕೆಗಳು ಸ್ವಚ್ಛವಾಗಿದ್ದವು, ಟಾರ್ಚ್ ಹಿಡಿದರೆ ಫಿನ್‌ಗಳ ಅಂಚೂ ಹೊಳೆಯುತ್ತಿತ್ತು. ಕೊನೆಗೆ ಫ್ಯಾನಿನ ಕವಚವನ್ನು ಕಳಚಿದಾಗ ಕವಚದ ನೆರಳಿನಲ್ಲಿದ್ದ ಫಿನ್‌ಗಳ ಮೇಲೆ ಬೂದುಬಣ್ಣದ ಕಂಬಳಿಯಂತಹ ಧೂಳಿನ ಪದರವಿತ್ತು. ಅಂಚಿನಲ್ಲಿ ಹಿಡಿದು ಎಳೆದರೆ ಒಂದೇ ತುಂಡಾಗಿ ಎದ್ದು ಬಂತು.

ಭಂಗಿ ಬದಲಿಸುವ ಪರೀಕ್ಷೆ

ಬಿಚ್ಚದೆಯೇ ಪೈಪನ್ನು ಪರೀಕ್ಷಿಸುವ ಅತ್ಯುತ್ತಮ ವಿಧಾನವೆಂದರೆ ಗುರುತ್ವವನ್ನು ಬಳಸುವುದು. ಮಾಮೂಲಿ ಟವರ್ ಪೆಟ್ಟಿಗೆಯಲ್ಲಿ ಕಾರ್ಡ್ ಅಡ್ಡಲಾಗಿರುತ್ತದೆ, ಪೈಪುಗಳ ಉದ್ದದ ಓಟವೂ ಅಡ್ಡಲಾಗಿರುವುದರಿಂದ ಗುರುತ್ವದ ಪಾತ್ರ ಅಲ್ಪ. ವಿಡಿಯೊ ಕೇಬಲ್ ಸಿಕ್ಕಿಸುವ ತುದಿ ಮೇಲಾಗುವಂತೆ ಪೆಟ್ಟಿಗೆಯನ್ನು ನಿಲ್ಲಿಸಿದರೆ ಚಿತ್ರ ಬದಲಾಗುತ್ತದೆ: ಸಾಮಾನ್ಯವಾಗಿ ಚಿಪ್ ಆ ತುದಿಗೇ ಹತ್ತಿರವಿರುವುದರಿಂದ ಪೈಪಿನ ಬಿಸಿ ಭಾಗ ಮೇಲೆ, ತಂಪು ಭಾಗ ಕೆಳಗೆ, ನೀರು ಏರುಹಾದಿಯಲ್ಲಿ ಹತ್ತಬೇಕು. ಅದೇ ತುದಿಯನ್ನು ಕೆಳಗೆ ಮಾಡಿದರೆ ಗುರುತ್ವ ನೀರನ್ನು ಚಿಪ್ಪಿನತ್ತ ತಳ್ಳಿಕೊಡುತ್ತದೆ.

ಯಂತ್ರವನ್ನು ಆಫ್ ಮಾಡಿ, ಪೆಟ್ಟಿಗೆಯನ್ನು ತಿರುಗಿಸಿ, ಭಾರದ ಕಾರ್ಡಿಗೆ ಆಧಾರ ಕೊಟ್ಟು, ಗಾಳಿಯ ದಾರಿ ಮುಚ್ಚದಂತೆ ನೋಡಿಕೊಂಡು, ಅದೇ ಹೊರೆಯಲ್ಲಿ ಎರಡೂ ಭಂಗಿಗಳಲ್ಲಿ ಅಳೆಯಿರಿ. ನಾಲ್ಕೈದು ಡಿಗ್ರಿ ವ್ಯತ್ಯಾಸ ಬಂದರೆ ತಲೆಕೆಡಿಸಿಕೊಳ್ಳಬೇಕಿಲ್ಲ. ಹದಿನೈದು ಇಪ್ಪತ್ತು ಡಿಗ್ರಿ ಬಂದರೆ ಬತ್ತಿಯಲ್ಲೋ ನೀರಿನ ಪ್ರಮಾಣದಲ್ಲೋ ಕೊರತೆಯಿದೆ. ಇದು ಬರೀ ಪುಸ್ತಕದ ಮಾತಲ್ಲ. 2022ರ ಡಿಸೆಂಬರಿನಲ್ಲಿ ಬಂದ ರೇಡಿಯಾನ್ ಆರ್‌ಎಕ್ಸ್ 7900 ಎಕ್ಸ್‌ಟಿಎಕ್ಸ್‌ನ ಮೂಲ ವಿನ್ಯಾಸದ ಕೆಲವು ಕಾರ್ಡುಗಳಲ್ಲಿ ಹಾಟ್‌ಸ್ಪಾಟ್ 110 ಡಿಗ್ರಿ ಮುಟ್ಟಿ ವೇಗ ಕುಸಿಯುತ್ತಿತ್ತು, ಕಾರ್ಡಿನ ಭಂಗಿ ಬದಲಿಸಿದರೆ ಅಂಕಿಗಳೂ ಬದಲಾಗುತ್ತಿದ್ದವು. ಒಂದಷ್ಟು ವೇಪರ್ ಚೇಂಬರುಗಳಲ್ಲಿ ಸಾಕಷ್ಟು ನೀರಿಲ್ಲವೆಂದು ಅದರ ತಯಾರಕ ಸಂಸ್ಥೆ ಎಎಂಡಿ 2023ರ ಜನವರಿಯಲ್ಲಿ ಒಪ್ಪಿಕೊಂಡಿತು. ವಾರಂಟಿ ಇರುವ ಕಾರ್ಡಿನಲ್ಲಿ ಇಂಥ ಲಕ್ಷಣ ಕಂಡರೆ ಮುಂದಿನ ಹಂತಕ್ಕೆ ಹೋಗದೆ, ಎರಡೂ ಭಂಗಿಗಳ ದಾಖಲೆಯನ್ನು ಇಟ್ಟುಕೊಂಡು ಬದಲಿ ಕೇಳುವುದು ಜಾಣತನ.

ಬಿಸಿನೀರಿನ ಪರೀಕ್ಷೆ

ವಾರಂಟಿ ಮುಗಿದಿದ್ದರೆ ಕೂಲರನ್ನು ಬಿಚ್ಚಬಹುದು. ವಿದ್ಯುತ್ ಸಂಪರ್ಕ ಪೂರ್ತಿ ತೆಗೆಯಿರಿ. ಮೆಮೊರಿ ಮುಂತಾದ ಬಿಡಿಭಾಗಗಳಿಗೂ ಕೂಲರಿಗೂ ನಡುವೆ ಇಡುವ ಮೆತ್ತನೆಯ ಥರ್ಮಲ್ ಪ್ಯಾಡುಗಳು ಎಲ್ಲೆಲ್ಲಿ ಯಾವ ದಪ್ಪದಲ್ಲಿವೆ ಎಂಬುದರ ಚಿತ್ರ ತೆಗೆದುಕೊಂಡು, ಫ್ಯಾನುಗಳನ್ನೂ ಕವಚವನ್ನೂ ಕಳಚಿ, ತಳದ ಪೇಸ್ಟ್ ಒರೆಸಿ, ಲೋಹದ ಭಾಗವನ್ನಷ್ಟೇ ಕೈಗೆ ತೆಗೆದುಕೊಳ್ಳಿ. ಅಗಲದ ಪಾತ್ರೆಯಲ್ಲಿ 60 ಡಿಗ್ರಿಯಷ್ಟು ಬಿಸಿನೀರು ಇಟ್ಟು, ಚಿಪ್ಪನ್ನು ಮುಟ್ಟುವ ತಳ ಮಾತ್ರ ನೀರಿಗೆ ತಾಗುವಂತೆ ಹಿಡಿದು, ಪ್ರತಿಯೊಂದು ಪೈಪಿನ ದೂರದ ತುದಿಯನ್ನು ಬೆರಳಿನಿಂದ ಮುಟ್ಟಿ. ಸರಿಯಿರುವ ಪೈಪಿನ ತುದಿ ಕೆಲವೇ ಸೆಕೆಂಡುಗಳಲ್ಲಿ ಬೆಚ್ಚಗಾಗುತ್ತದೆ, ಅದೂ ತಳದ ಕಡೆಯಿಂದ ಮೆಲ್ಲಗೆ ಹರಡಿದಂತಲ್ಲ, ಉದ್ದಕ್ಕೂ ಒಟ್ಟಿಗೆ ಎಂಬಂತೆ. ಸತ್ತ ಪೈಪಿನ ತುದಿ ಪಕ್ಕದವು ಬಿಸಿಯಾದ ಮೇಲೂ ತಣ್ಣಗೇ ಇರುತ್ತದೆ. ಒಂದರ ಜೊತೆ ಇನ್ನೊಂದನ್ನು ಹೋಲಿಸುವುದೇ ಇಲ್ಲಿ ಮುಖ್ಯ, ನಿಖರ ಅಂಕಿಯಲ್ಲ.

ಅಂಕಿಯೇ ಬೇಕೆಂದು ಇನ್‌ಫ್ರಾರೆಡ್ ಥರ್ಮಾಮೀಟರ್ ಹಿಡಿಯುವವರು ಒಂದು ಮೋಸವನ್ನು ತಿಳಿದಿರಬೇಕು. ಹೊಳೆಯುವ ತಾಮ್ರವೂ ನಿಕ್ಕಲ್ಲೂ ತಮ್ಮ ಶಾಖವನ್ನು ಬಹಳ ಕಡಿಮೆ ಸೂಸಿ ಸುತ್ತಲಿನದನ್ನು ಪ್ರತಿಫಲಿಸುತ್ತವೆ. 60 ಡಿಗ್ರಿಯ ಪೈಪನ್ನು ಯಂತ್ರ ಕೋಣೆಯ ತಾಪಮಾನಕ್ಕೆ ಹತ್ತಿರವೆಂದು ತೋರಿಸಿಬಿಡುತ್ತದೆ. ಅಳೆಯುವ ಜಾಗದಲ್ಲಿ ಕಪ್ಪು ಇನ್ಸುಲೇಶನ್ ಟೇಪಿನ ಚೂರು ಅಂಟಿಸಿ ಅದರ ಮೇಲೆ ಗುರಿಯಿಟ್ಟರೆ ಸರಿಯಾದ ಅಂಕಿ ಬರುತ್ತದೆ.

ಪೈಪನ್ನು ನೇರ ಮಾಡಲು, ಮತ್ತೆ ಬಾಗಿಸಲು ಹೋಗಬೇಡಿ. ಒಳಗಿನ ಬತ್ತಿ ಬಿರುಕು ಬಿಡುತ್ತದೆ. ಸಡಿಲ ಫಿನ್‌ಗೆ ಬೆಸುಗೆ ಹಾಕುತ್ತೇನೆಂದು ಬೆಂಕಿಯ ಜ್ವಾಲೆ ಹಿಡಿಯುವುದಂತೂ ಅಪಾಯ: ಒಳಗಿನ ನೀರು ಹೊರಹೋಗಲು ದಾರಿಯಿಲ್ಲದೆ ಒತ್ತಡ ಏರಿ ಪೈಪ್ ಸಿಡಿಯಬಹುದು. ಪರೀಕ್ಷೆ ಮುಗಿದ ಮೇಲೆ ಫಿನ್‌ಗಳ ಸಂದಿನಲ್ಲಿ ನೀರು ಉಳಿಯದಂತೆ ಪೂರ್ತಿ ಒಣಗಿಸಿ, ಹೊಸ ಪೇಸ್ಟ್ ಹಚ್ಚಿ, ಚಿಪ್ಪಿನ ಸುತ್ತಲಿನ ಸ್ಕ್ರೂಗಳನ್ನು ಮೂಲೆಯಿಂದ ಎದುರು ಮೂಲೆಗೆ ಸ್ವಲ್ಪ ಸ್ವಲ್ಪವಾಗಿ ಬಿಗಿಯುತ್ತಾ ಬನ್ನಿ. ಪ್ಯಾಡುಗಳನ್ನು ಬದಲಿಸುವುದಾದರೆ ದಪ್ಪ ಅರ್ಧ ಮಿಲಿಮೀಟರ್ ಹೆಚ್ಚಾದರೂ ತಳ ಚಿಪ್ಪಿನಿಂದ ಎದ್ದು ನಿಲ್ಲುತ್ತದೆ, ಆಗ ಇಲ್ಲದ ಪೈಪ್ ದೋಷವನ್ನು ನೀವೇ ಸೃಷ್ಟಿಸಿದಂತಾಗುತ್ತದೆ.

ಒಂದು ಪೈಪ್ ನಿಜವಾಗಿಯೂ ಸತ್ತಿದೆ ಎಂದು ಗೊತ್ತಾದರೆ ಅದನ್ನು ಮನೆಯಲ್ಲಿ ದುರಸ್ತಿ ಮಾಡಲಾಗದು. ಅದೇ ಮಾದರಿಯ ಇನ್ನೊಂದು ಕೂಲರ್ ಸಿಕ್ಕರೆ ಬದಲಿಸಬಹುದು. ಸಿಗದಿದ್ದರೆ ಉಳಿದ ಪೈಪುಗಳು ಒಣಗದಂತೆ ನೋಡಿಕೊಳ್ಳಿ. ತಂತ್ರಾಂಶದಲ್ಲಿ ವಿದ್ಯುತ್ ಮಿತಿಯನ್ನು ಹತ್ತು ಹತ್ತು ವ್ಯಾಟ್‌ನಂತೆ ಇಳಿಸುತ್ತಾ, ಪ್ರತಿ ಹಂತದಲ್ಲೂ ಹತ್ತು ನಿಮಿಷ ಹೊರೆ ಕೊಟ್ಟು ಹಾಟ್‌ಸ್ಪಾಟಿನ ಅಂತರವನ್ನು ಬರೆದುಕೊಳ್ಳಿ. ಒಂದು ಹಂತದಲ್ಲಿ ಆ ಅಂತರ ಒಮ್ಮೆಲೇ ಕುಗ್ಗುತ್ತದೆ. ನಿಮ್ಮ ಕೂಲರಿನಲ್ಲಿ ಈಗ ಉಳಿದಿರುವ ಪೈಪುಗಳು ಹೊರಬಲ್ಲ ಶಾಖ ಅಷ್ಟೇ. ಅದಕ್ಕಿಂತ ಇನ್ನೊಂದು ಹತ್ತು ವ್ಯಾಟ್ ಕೆಳಗೆ ಮಿತಿಯನ್ನು ನಿಲ್ಲಿಸಿದರೆ ಬೇಸಗೆಯ ದಿನಗಳಲ್ಲೂ ಬಿಸಿ ತುದಿ ಒಣಗುವುದಿಲ್ಲ.